ಹೇಳದೆ ಹೋಗಬೇಕಾದ ಮನೆಗಳು

ರತ್ನಾಕರ ಸರ್ ಎರಡು ಹಾಳೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಫ್ಯಾನಿನ ಗಾಳಿಗೆ ಹಾರದಂತೆ ಕನ್ನಡಕದ ಡಬ್ಬಿಯನ್ನು ಅವುಗಳ ಮೇಲೆ ಅಡ್ಡ ಇಟ್ಟರು. ಆಮೇಲೆ ತುಂಬ ಹೊತ್ತು ಮಾತಾಡಲಿಲ್ಲ. ಅವರು ಸುಮ್ಮನೆ ಕೂರುವುದು ಮೋಕ್ಷಿತಾಳಿಗೆ ಹೊಸತಾಗಿರಲಿಲ್ಲ. ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಗೆ ಸೇರಿದ ಈ ಎರಡು ವರ್ಷಗಳಲ್ಲಿ, ಅವರ ಸುಮ್ಮನಿರುವಿಕೆಯಲ್ಲಿ ಯಾವುದು ಓದುವ ಸುಮ್ಮನೆ, ಯಾವುದು ಸಿಟ್ಟಿನ ಸುಮ್ಮನೆ ಎಂದು ಅವಳು ಕಲಿತಿದ್ದಳು. ಇವತ್ತಿನದು ಎರಡೂ ಆಗಿರಲಿಲ್ಲ.

"ಬಡಾಕೇರಿಯಲ್ಲಿ ನಲವತ್ತು ಹೆಂಗಸರು," ಎಂದರು ಕೊನೆಗೆ. "ಹದಿನಾರು ಜನಕ್ಕೆ ರಕ್ತದೊತ್ತಡ ಜಾಸ್ತಿ. ತೆಂಕಕೇರಿಯಲ್ಲಿ ಅರವತ್ತು. ಜಾಸ್ತಿ ಇರುವುದು ಏಳು ಜನಕ್ಕೆ. ಎರಡು ಕೇರಿಯ ನಡುವೆ ಎಷ್ಟು ದೂರ?"

"ಒಂದು ತೋಡು, ಸರ್."

"ಒಂದು ತೋಡು." ಅವರು ಆ ಮಾತನ್ನು ತೂಗಿ ನೋಡುವವರಂತೆ ಹೇಳಿದರು. "ಅದೇ ಮೀನು, ಅದೇ ಉಪ್ಪು, ಅದೇ ಬಿಸಿಲು. ಎರಡೂ ಕಡೆಯವರು ಬುಟ್ಟಿ ಹೊತ್ತು ನಡೆಯುವವರೇ. ತೋಡು ದಾಟಿದ ಕೂಡಲೆ ಬಿಪಿ ಇಳಿಯುತ್ತದೆಯಾದರೆ ಆ ತೋಡಿನ ನೀರನ್ನು ಬಾಟಲಿಗೆ ತುಂಬಿಸಿ ಮಾರಬಹುದು."

ಅವಳು ನಗಲಿಲ್ಲ. ಅವರೂ ನಗಲಿಲ್ಲ.

"ಮನೆಯಲ್ಲಿ ಕೂತು ತುಂಬಿಸಿದ್ದಾ, ಮೋಕ್ಷಿತಾ?"

ಈ ಪ್ರಶ್ನೆ ಬರುತ್ತದೆಂದು ಅವಳಿಗೆ ಹಾಳೆ ಕಂಡಾಗಲೇ ಗೊತ್ತಾಗಿತ್ತು. ಹಿಂದಿನ ವರ್ಷ ಯತೀಶ್ ಎಂಬ ಸೀನಿಯರ್ ಹಾಸ್ಟೆಲಿನ ಮಂಚದ ಮೇಲೆ ಕೂತು ಐವತ್ತು ಫಾರಂ ತುಂಬಿಸಿ ಸಿಕ್ಕಿಬಿದ್ದಿದ್ದ. ಅವನು ಕೋರ್ಸು ಬಿಟ್ಟು ಹೋದ ಮೇಲೂ ಆ ಹೆಸರು ಬಿಟ್ಟುಹೋಗಿರಲಿಲ್ಲ. ಯಾರಾದರೂ ಸುಳ್ಳು ಹೇಳಿದರೆ ‘ಯತೀಶನ ಫಾರಂ’ ಎನ್ನುತ್ತಿದ್ದರು.

"ಇಲ್ಲ ಸರ್. ಅರವತ್ತು ಮನೆಗೂ ನಾನೇ ಹೋಗಿದ್ದೇನೆ. ಮೆಷಿನ್ ಪ್ರತಿವಾರ ಪರೀಕ್ಷೆ ಮಾಡಿಸಿದ್ದೇನೆ."

"ಹಾಗಾದರೆ ಕಷ್ಟವಿಲ್ಲ." ಅವರು ಕಣ್ಣುಮುಚ್ಚಿ ಪಟ್ಟಿಯ ಮೇಲೆ ಬೆರಳಿಡುತ್ತ ಆರು ನಂಬರುಗಳನ್ನು ಗುರುತು ಮಾಡಿದರು. "ಈ ಆರು ಮನೆಗೆ ಮತ್ತೆ ಹೋಗಿ. ಹೊಂದಿದರೆ ಸಹಿ ಹಾಕುತ್ತೇನೆ. ಇಪ್ಪತ್ತೆಂಟಕ್ಕೆ ಪ್ರಬಂಧ ಆಫೀಸಿಗೆ ಹೋಗಬೇಕು, ಇವತ್ತು ಹದಿನಾರು. ಹೊಂದದಿದ್ದರೆ ಡಿಸೆಂಬರ್." ಆಮೇಲೆ ಸೇರಿಸಿದರು: "ಹೇಳದೆ ಹೋಗಿ."

ಕಾಲೇಜಿನ ಗ್ರಾಮೀಣ ಕೇಂದ್ರ ಇದ್ದದ್ದು ಬ್ರಹ್ಮಾವರದ ಪೇಟೆಯ ಹಿಂದೆ. ಅಲ್ಲಿಂದ ಹೆದ್ದಾರಿಗೆ ನಡೆದು ಬಂದು ಬಸ್ಸು ಹತ್ತಿ ಕೂತರೂ ಅವಳ ಕಿವಿಯಲ್ಲಿ ಡಿಸೆಂಬರ್ ಎಂಬ ಶಬ್ದವೇ ಇತ್ತು. ಜಿಲ್ಲೆಯ ಒಂದು ಆರೋಗ್ಯ ಯೋಜನೆಯವರು ಜುಲೈಯಿಂದ ಕೆಲಸ ಕೊಡುತ್ತೇವೆ ಎಂದಿದ್ದರು, ಪದವಿ ಕೈಯಲ್ಲಿದ್ದರೆ. ಡಿಸೆಂಬರಿನವರೆಗೆ ಆ ಜಾಗ ಯಾರಿಗಾಗಿಯೂ ಕಾಯುವುದಿಲ್ಲ. ಬಾರ್ಕೂರಿನಲ್ಲಿ ಮೀನಿನ ಲಾರಿ ಓಡಿಸುವ ಅಪ್ಪ ಭೋಜರಾಜ, ಮಗಳು ಎಂತ ಓದುತ್ತಿದ್ದಾಳೆ ಎಂದು ಯಾರಾದರೂ ಕೇಳಿದರೆ ‘ಡಾಕ್ಟ್ರಿಗೆ ಲೆಕ್ಕ ಹೇಳಿಕೊಡುವ ಓದು’ ಎನ್ನುತ್ತಿದ್ದರು. ಆ ಓದು ಮುಗಿಯಿತು ಎಂದೂ ಅವರು ಆಗಲೇ ಹೇಳಿಯಾಗಿತ್ತು.

ಕೋಟೇಶ್ವರದಲ್ಲಿ ಬಸ್ಸು ನಿಂತಾಗ ಅವಳು ಅಭ್ಯಾಸದಂತೆ ಮೊಬೈಲು ತೆಗೆದು, ತೆಂಕಕೇರಿಯಲ್ಲಿರುವ ಅತ್ತೆಯ, ಅಪ್ಪನ ಅಕ್ಕನ, ಹೆಸರಿನ ಮೇಲೆ ಬೆರಳಿಟ್ಟು, ತಕ್ಷಣ ತೆಗೆದಳು.

ಹೇಳದೆ ಹೋಗುವುದೆಂದರೆ ಈ ಕರಾವಳಿಯಲ್ಲಿ ಸಣ್ಣ ಮಾತಲ್ಲ. ಸ್ವಂತ ತವರಿಗೂ ಹೆಂಗಸರು ‘ಬತ್ತೆ’ ಎಂದು ಒಂದು ಮಾತು ಹೇಳಿಯೇ ಹೊರಡುವುದು. ಮೀನು ಮಾರುವವರ ಕೇರಿಯಲ್ಲಂತೂ, ಮಧ್ಯಾಹ್ನ ದಣಿದು ಬಂದು ತಣಿದ ಗಂಜಿಯ ಮುಂದೆ ಕೂತವಳ ಮನೆಗೆ ಹೇಳದೆ ನುಗ್ಗುವುದೆಂದರೆ ಅವಳ ಮಡಕೆಯ ಮುಚ್ಚಳ ತೆಗೆದು ನೋಡಿದಂತೆ. ಮೋಕ್ಷಿತಾ ಇದನ್ನು ಚೆನ್ನಾಗಿ ಬಲ್ಲವಳು. ಅದಕ್ಕೇ ತೆಂಕಕೇರಿಯ ಸರ್ವೆ ಶುರುವಾದಾಗ ಪ್ರತಿ ಭಾನುವಾರ ಆ ವಾರದ ಮನೆಗಳ ಪಟ್ಟಿಯನ್ನು ಅತ್ತೆಗೆ ಓದಿ ಹೇಳುತ್ತಿದ್ದಳು. ಅತ್ತೆ ಮನೆಮನೆಗೆ ಹೋಗಿ ತಿಳಿಸಿ ಬರುತ್ತಿದ್ದರು. ಇವಳು ಹೋದಾಗ ಹೆಂಗಸರು ಮಿಂದು, ತಲೆ ಬಾಚಿ, ಚಾಪೆ ಹಾಸಿ ಕಾದಿರುತ್ತಿದ್ದರು. ಬಡಾಕೇರಿಯಲ್ಲಿ ಪರಿಚಯದವರಿಲ್ಲದೆ ನಲವತ್ತು ಮನೆಗೆ ಮೂರು ವಾರ ಅಲೆದವಳು, ಇಲ್ಲಿ ಅರವತ್ತನ್ನು ಅಷ್ಟೇ ದಿನದಲ್ಲಿ ಮುಗಿಸಿದ್ದಳು. ಅತ್ತೆ ಇಲ್ಲದಿದ್ದರೆ ಆಗುತ್ತಿರಲಿಲ್ಲ ಎಂದು ಪ್ರಬಂಧದ ಮೊದಲ ಪುಟದಲ್ಲಿ ಕುಸುಮಾವತಿ ಎಂಬ ಹೆಸರನ್ನು ಟೈಪು ಮಾಡಿಯೂ ಇಟ್ಟಿದ್ದಳು.

ಬೈಂದೂರಿನಲ್ಲಿ ಇಳಿದಾಗ ಹತ್ತೂವರೆ. ಸರ್ ಗುರುತು ಮಾಡಿದ ಮೊದಲ ಹೆಸರು ವನಜ. ಈ ಹೊತ್ತಿಗೆ ವನಜ ಮನೆಯಲ್ಲಿರುವುದಿಲ್ಲ, ಮೀನು ಮಾರ್ಕೆಟಿನಲ್ಲಿ ಇರುತ್ತಾಳೆ. ಕೇರಿಗೆ ಹೋದರೆ ಅತ್ತೆಯ ಮನೆ ದಾಟಿಯೇ ಹೋಗಬೇಕು, ಸುದ್ದಿ ತನಗಿಂತ ಮೊದಲೇ ಓಡುತ್ತದೆ. ಮೋಕ್ಷಿತಾ ಮೆಷಿನ್ನಿನ ಚೀಲವನ್ನು ಹೆಗಲಿಗೇರಿಸಿ ಮಾರ್ಕೆಟಿನತ್ತ ನಡೆದಳು.

ವನಜ ಬಂಗುಡೆಯ ರಾಶಿಗೆ ನೀರು ಚಿಮುಕಿಸುತ್ತಿದ್ದಳು. ಎದುರಿಗೆ ಒಬ್ಬರು ಹಿರಿಯರು ಬಗ್ಗಿ ಮೀನಿನ ಕಿವಿರು ಬಿಡಿಸಿ ನೋಡಿ, "ನಿನ್ನೆದಾ ಎಂತ?" ಎಂದರು.

"ನಿನ್ನೆದ್ ಮನೆಲಿತ್ತ್, ಅದ್ ನಾವ್ ತಿಂಬುಕೆ. ಇದ್ ನಿಮ್ಗೆ," ಎಂದಳು ವನಜ. ತಲೆಯೆತ್ತಿದವಳ ಕಣ್ಣಿಗೆ ಮೋಕ್ಷಿತಾ ಬಿದ್ದಳು. "ಹ್ವಾಯ್, ಮೋಕ್ಷಿ ಅಲ್ದಾ? ಮೀನಿಗ್ ಬಂದ್ಯಾ ಹೆಣೆ?"

"ಮೀನಿಗಲ್ಲ ವನಜಕ್ಕ. ನಿಮ್ಮನ್ನೇ ಕಾಂಬುಕೆ ಬಂದದ್ದ್. ಇನ್ನೊಂದ್ ಸಲ ಬಿಪಿ ಕಾಣ್ಕ್."

"ಈಗ್ಳೆ?"

"ಹೌದ್, ಈಗ್ಳೆ. ಹತ್ತ್ ನಿಮಿಷ."

ವನಜಳ ಕೈ ನೀರಿನ ಚೊಂಬಿನಲ್ಲೇ ನಿಂತಿತು. "ಕುಸುಮಕ್ಕ ಎಂತದೂ ಹೇಳ್ಲಿಲ್ಲೆ ಮಾರಾಯ್ತಿ."

"ಅತ್ತೆಗ್ ಗೊತ್ತಿಲ್ಲೆ."

"ಹಾಂಗಾರೆ ಇವತ್ತ್ ಬ್ಯಾಡ. ನಾಡಿದ್ದ್ ಮನಿಗ್ ಬಾ. ಕೈಯೆಲ್ಲ ಮೀನ್ ನಾತ, ನಿನ್ ಮೆಷಿನ್ ಹಾಳಾತ್ತ್."

ಬೇರೆ ದಿನವಾದರೆ ಮೋಕ್ಷಿತಾ ನಗುತ್ತಿದ್ದಳು. ಇವತ್ತು ಆ ನೆಪ ನೆಪವೆಂದೇ ಕೇಳಿಸಿತು. ಯಾರಿಗೂ ಹೆದರದ ಹೆಂಗಸು ತೋಳಿಗೆ ಸುತ್ತುವ ಒಂದು ಬಟ್ಟೆಯ ಪಟ್ಟಿಗೆ ಹೆದರುತ್ತಿದ್ದಳು. ಮೋಕ್ಷಿತಾ ಬಿಡಲಿಲ್ಲ. ಪಕ್ಕದವಳಿಗೆ ಬುಟ್ಟಿ ನೋಡಿಕೊಳ್ಳಲು ಹೇಳಿ ವನಜಳನ್ನು ಮಾರ್ಕೆಟಿನ ಹಿಂದೆ, ಮುಚ್ಚಿದ ಅಂಗಡಿಯೊಂದರ ಜಗಲಿಗೆ ಕರೆದುಕೊಂಡು ಹೋಗಿ ಕೂರಿಸಿದಳು. ನಿಯಮದಂತೆ ಐದು ನಿಮಿಷ ಮಾತಾಡದೆ ಕೂರಬೇಕು. ಆ ಐದು ನಿಮಿಷ ಇಬ್ಬರಿಗೂ ಉದ್ದವಾಯಿತು.

ನೂರ ಎಪ್ಪತ್ತೆರಡು, ನೂರ ನಾಲ್ಕು.

ಎರಡು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿದಳು. ನೂರ ಅರವತ್ತೆಂಟು, ನೂರ ಎರಡು. ಚೀಲದಿಂದ ಹಳೆಯ ಫಾರಂ ತೆಗೆದಳು. ಮಾರ್ಚ್ ಇಪ್ಪತ್ತಾರು: ನೂರ ಮೂವತ್ತೆಂಟು, ಎಂಬತ್ತಾರು. ಬರೆದದ್ದು ತನ್ನದೇ ಕೈ.

"ಎಷ್ಟ್?" ಎಂದಳು ವನಜ.

"ನೂರೆಪ್ಪತ್ತೆರಡ್."

"ಕೆಂಪಾ?"

"ಎಂತ ಕೆಂಪ್?"

"ನೀ ಕೆಂಪ್ ಪೆನ್ನಿನಲ್ ಸುತ್ತ್ ಹಾಕ್ತೆ ಅಲ್ದಾ. ಹಾಕ್ಬ್ಯಾಡ ಮಾರಾಯ್ತಿ. ನಿಂಗ್ ಮಾರ್ಕ್ ಹೋತ್ತ್." ವನಜ ಸೆರಗಿನಿಂದ ಕತ್ತು ಒರೆಸಿಕೊಂಡಳು. "ಒಂದ್ ಮಾತ್ ಮುಂಚೆ ಹೇಳಿದ್ರೆ ಗುಳಿಗಿ ತಿಂದ್ ಕೂಕಂತಿದ್ದೆ. ಹೀಂಗ್ ಕಳ್ರನ್ ಹಿಡೂಕೆ ಬಂದಂಗ್ ಬಂದ್ರೆ ಎಂತ ಮಾಡುದ್?"

ಮೋಕ್ಷಿತಾ ತೋಳಿನ ಪಟ್ಟಿಯನ್ನು ಬಿಚ್ಚುತ್ತಿದ್ದವಳು ಅಲ್ಲಿಗೇ ನಿಲ್ಲಿಸಿದಳು. "ಎಂತ ಗುಳಿಗಿ, ವನಜಕ್ಕ?"

ವನಜಳಿಗೆ ತಾನು ಹೇಳಬಾರದ್ದನ್ನು ಹೇಳಿದೆನೆಂದು ಆಗ ಹೊಳೆಯಿತು. ಆದರೆ ಹೇಳಿದ ಮಾತನ್ನು ನುಂಗಿಕೊಳ್ಳುವ ಜಾತಿಯವಳಲ್ಲ ಅವಳು. ಮನೆಗಳ ಪಟ್ಟಿ ಬಂದ ಭಾನುವಾರವೇ ಕುಸುಮಕ್ಕ ಮನೆಮನೆಗೆ ಬರುತ್ತಿದ್ದರಂತೆ. ಯಾರಿಗೆ ತಲೆಭಾರ, ಯಾರಿಗೆ ಕಣ್ಣು ಮಂಜು, ಯಾರು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾರೆ ಎಂದು ಮೂವತ್ತು ವರ್ಷ ಜೊತೆಗೆ ಬುಟ್ಟಿ ಹೊತ್ತವರಿಗೆ ಗೊತ್ತಿಲ್ಲವೇ? ಅಂಥವರ ಕೈಗೆ ಕಾಗದದಲ್ಲಿ ಸುತ್ತಿದ ಮೂರು ಗುಳಿಗೆ ಕೊಟ್ಟು, ದಿನಕ್ಕೊಂದು ತಿನ್ನಬೇಕು, ಹುಡುಗಿ ಬಂದು ಹೋಗುವವರೆಗೆ ಒಣಮೀನು ಉಪ್ಪಿನಕಾಯಿ ಮುಟ್ಟಬಾರದು, ಗುಳಿಗೆ ತಿನ್ನುತ್ತೀರಾ ಎಂದು ಕೇಳಿದರೆ ಇಲ್ಲ ಎನ್ನಬೇಕು ಎಂದು ಕಟ್ಟುಮಾಡಿ ಹೋಗುತ್ತಿದ್ದರಂತೆ.

"ಮೂರ್ ದಿನ ಸಪ್ಪೆ ಗಂಜಿ ಉಂಡೆ ನಾನ್," ಎಂದಳು ವನಜ. "ಗಂಡ ಸತ್ತಾಗ್ಳೂ ಹಾಂಗ್ ಉಣ್ಲಿಲ್ಲೆ. ಎಲ್ಲ ನಿನ್ ಪರೀಕ್ಷೆಗಂದೇಳಿ."

ಮೋಕ್ಷಿತಾಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಚಳಿ. ಮೇ ತಿಂಗಳ ಹನ್ನೊಂದು ಗಂಟೆಯ ಬಿಸಿಲಲ್ಲಿ ಬೆನ್ನು ತಣ್ಣಗಾಯಿತು. ಮಾರ್ಚ್ ಇಪ್ಪತ್ತಾರರಂದು ಇದೇ ವನಜಳ ತೋಳಿನಿಂದ ಪಟ್ಟಿ ಬಿಚ್ಚುತ್ತ ‘ಎಲ್ಲ ಸರಿ ಇತ್ತ್ ವನಜಕ್ಕ, ಹೆದ್ರುಕೆ ಎಂತದೂ ಇಲ್ಲೆ’ ಎಂದವಳು ತಾನೇ. ಹಾಗೆ ಎಷ್ಟು ಮನೆಗಳಲ್ಲಿ ಹೇಳಿದ್ದಳು? ಗುಳಿಗೆಯ ಮರೆಯಲ್ಲಿ ಸರಿಯಾಗಿ ಕಂಡವರು ಹತ್ತೋ, ಹದಿನೈದೋ, ಇಪ್ಪತ್ತೋ. ಅವರೆಲ್ಲ ಈಗ ಅವಳ ಮಾತು ನಂಬಿ ನೆಮ್ಮದಿಯಿಂದ ಬುಟ್ಟಿ ಹೊರುತ್ತಿದ್ದರು.

"ನೀವ್ ನಾಳೆಯೇ ಆಸ್ಪತ್ರೆಗೆ ಹೋಯ್ಕ್," ಎಂದಳು. ತನ್ನ ಸ್ವರ ತನಗೇ ದೂರದಿಂದ ಕೇಳಿಸಿತು.

"ಹೋಪ. ಮೊದ್ಲ್ ಬಂಗುಡೆ ಖಾಲಿಯಾಯ್ಲಿ," ಎಂದು ವನಜ ಎದ್ದಳು.

ಕೇರಿಯ ದಾರಿ ಹಿಡಿದಾಗ ಮೋಕ್ಷಿತಾಳಿಗೆ ಅತ್ತೆಗೆ ಏನು ಹೇಳುವುದೆಂದು ತಿಳಿದಿರಲಿಲ್ಲ. ಅಂಗಳದ ತೆಂಗಿನ ನೆರಳಲ್ಲಿ ಮಾವ ಚಂದಯ್ಯ ಹರಿದ ಬಲೆಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಹೆಣೆಯುತ್ತಿದ್ದರು. ಕಣ್ಣೆತ್ತಿ, "ಹೇಳ್ದೆ ಬಂದ್ಯಲೆ ಹೆಣೆ," ಎಂದಷ್ಟೇ ಹೇಳಿ ಮತ್ತೆ ಬಲೆಗೆ ಬಗ್ಗಿದರು.

ಕುಸುಮಾವತಿ ಒಳಗಿನಿಂದ ಬಂದರು. ಅರವತ್ತು ದಾಟಿದರೂ ಎತ್ತರದ ಆಳು, ಮೂವತ್ತು ವರ್ಷ ತಲೆಹೊರೆ ಹೊತ್ತ ನೆಟ್ಟಗಿನ ಕತ್ತು. ಕೇರಿಯಲ್ಲಿ ಒಂದು ಮದುವೆಯಾಗಬೇಕಿದ್ದರೂ ಒಂದು ಜಗಳ ಮುಗಿಯಬೇಕಿದ್ದರೂ ಇವರ ಮಾತು ಬೇಕು. ಬಾಗಿಲ ಚೌಕಟ್ಟು ಹಿಡಿದು ನಿಂತು, "ಮುಖ ಎಂತಕ್ ಹಾಂಗಿತ್? ಉಂಡಿದ್ಯಾ?" ಎಂದರು.

"ಗುಳಿಗಿ ಎಂತಕ್ ಕೊಟ್ಟದ್ದ್, ಅತ್ತೆ?"

ಕುಸುಮಾವತಿ ಚೌಕಟ್ಟಿನಿಂದ ಕೈ ತೆಗೆದರು. "ಆ ವನಜನ್ ಬಾಯಿ," ಎಂದರು ತಮ್ಮಷ್ಟಕ್ಕೆ.

"ನನ್ ಮರ್ಯಾದಿ ಹೋಯ್ತ್. ಸರ್ ನನ್ನನ್ನ ಕಳ್ಳಿ ಕಂಡಂಗ್ ಕಾಂತ್ರ್. ಮನೆಲಿ ಕೂತ್ ಬರ್ದದ್ದಾ ಅಂದ್ ಕೇಂಡ್ರ್."

"ಕೇಂಡ್ರಾ?" ಅತ್ತೆಯ ಮುಖದಲ್ಲಿ ನಿಜವಾದ ಆಶ್ಚರ್ಯ ಮೂಡಿತು. "ಎಲ್ಲ ಸರಿ ಇದ್ದದ್ದಕ್ಕೆ ಬೈತ್ರಾ? ಇದೆಂತ ಶಾಲೆ ನಿಂದ್? ಬಡಾಕೇರಿಗ್ ಹೋಯ್ ಬಂದ್ ದಿನ ಎಂತ ಹೇಳ್ದೆ ನೀನ್? ‘ಇವತ್ತ್ ಹತ್ರಲ್ ಐದ್ ಕೆಂಪ್, ಸರ್ ಕಂಡ್ರೆ ಎಂತ ಹೇಳ್ತ್ರೋ’ ಅಂದೇಳಿ ಅರ್ಧ ಉಂಡ್ ಎದ್ದೆ. ನಾನ್ ನಾಕನೇ ಕ್ಲಾಸ್. ಆದ್ರೂ ಪುಸ್ತಕದಲ್ ಕೆಂಪ್ ಅಂದ್ರೆ ಎಂತ ಅಂದೇಳಿ ನಂಗ್ ಗೊತ್ತಿಲ್ಯಾ? ನಮ್ ಕೇರಿಗ್ ಬಂದ್ ನಮ್ ಹುಡ್ಗಿ ಫೇಲ್ ಆಪುದ್ ಬ್ಯಾಡ ಅಂದ್ ಮಾಡಿದೆ."

ಅಂದು ಅರ್ಧ ಊಟಕ್ಕೆ ಎದ್ದದ್ದು ಹೌದು. ಸರ್ ‘ಅಷ್ಟು ಜನರನ್ನು ಆಸ್ಪತ್ರೆಗೆ ಕಳಿಸಿದಿರಾ’ ಎಂದು ಕೇಳುತ್ತಾರೆ, ಕಳಿಸಲಾಗಿರಲಿಲ್ಲ ಎಂಬ ಚಿಂತೆ. ಕೆಂಪು ಸುತ್ತು ಹಾಕುತ್ತಿದ್ದದ್ದು ಇವರನ್ನು ಮರೆಯದೆ ಕಳಿಸಬೇಕು ಎಂಬ ಗುರುತಿಗೆ. ಅದನ್ನು ಯಾರಿಗೂ ವಿವರಿಸಬೇಕೆಂದು ಅವಳಿಗೆ ತೋರಿರಲಿಲ್ಲ. ನೂರು ಮನೆಗೆ ಪ್ರಶ್ನೆ ಕೇಳಿ ಬಂದವಳು ತನ್ನ ಪೆನ್ನಿನ ಬಣ್ಣದ ಬಗ್ಗೆ ಒಂದು ಮಾತು ಹೇಳಿರಲಿಲ್ಲ.

"ಫೇಲ್ ಪಾಸ್ ಅಲ್ಲ ಅತ್ತೆ ಅದ್," ಎಂದಳು. ಚೀಲ ಇಳಿಸಿ ಜಗಲಿಯಲ್ಲಿ ಕೂತಳು.

ಕುಸುಮಾವತಿ ಜಗಲಿಯ ಮೇಲೆ ಅವಳ ಪಕ್ಕ ಕೂತು ದನಿ ತಗ್ಗಿಸಿದರು. "ಈಗ ಎಂತ ಆಯ್ಕ್ ಹೇಳ್. ಇನ್ನೆಷ್ಟ್ ಮನಿ ಇತ್?"

"ಆರ್. ವನಜಕ್ಕಂದ್ ಕಂಡಾಯ್ತ್."

"ವನಜಂದ್ ಹರ್ದ್ ಹಾಕ್. ಮಾರ್ಕೆಟಲ್ ಗಲಾಟಿ ಇತ್ತ್, ಮೆಷಿನ್ ತಪ್ಪ್ ತೋರ್ಸ್ತ್ ಅಂದ್ ಹೇಳ್. ನೀ ನಾಕ್ ದಿನ ಬಿಟ್ ಬಾ. ಆರೂ ಜನ ಗುಳಿಗಿ ತಿಂದ್ ಕೂಕಂತ್ರ್. ಹೇಳ್ದೆ ಬಂದೆ ಅಂದ್ ನೀ ಬರ್ಕೋ. ನಿನ್ ಸರಿಗ್ ಎಂತ ಗೊತ್ತಾತ್ತ್?"

ಚಂದಯ್ಯ ಬಲೆಯಿಂದ ಕಣ್ಣೆತ್ತದೆ, "ಒಂದ್ ತೂತ್ ಮುಚ್ಚುಕೆ ಆರ್ ತೂತ್," ಎಂದರು.

"ನೀವ್ ಸುಮ್ನಿರಿ," ಎಂದರು ಕುಸುಮಾವತಿ.

ಮೋಕ್ಷಿತಾ ಲೆಕ್ಕ ಹಾಕಿದಳು. ನಾಲ್ಕು ದಿನ ಎಂದರೆ ಇಪ್ಪತ್ತು. ಇಪ್ಪತ್ತೊಂದಕ್ಕೆ ಸಹಿ. ಬೈಂಡಿಂಗಿಗೆ ಎರಡು ದಿನ. ಎಲ್ಲ ಹೊಂದುತ್ತದೆ. ಸರ್ ಕನ್ನಡಕ ತೆಗೆದು ‘ಒಳ್ಳೆಯದು’ ಎನ್ನುತ್ತಾರೆ. ಈ ಅರವತ್ತು ಹೆಂಗಸರ ರಕ್ತದೊತ್ತಡವನ್ನು ಇನ್ನು ಯಾರೂ ಕೇಳುವವರಿಲ್ಲ, ಪ್ರಬಂಧ ಲೈಬ್ರರಿಯ ಕಪಾಟಿನಲ್ಲಿ ಮಲಗುತ್ತದೆ. ಯೋಚನೆ ಎಷ್ಟು ಸಲೀಸಾಗಿ ಮುಂದೆ ಹೋಗುತ್ತಿತ್ತೆಂದರೆ ಅವಳಿಗೇ ಭಯವಾಯಿತು. ಆದರೂ ಬಾಯಿಂದ ಬಂದ ಪ್ರಶ್ನೆ ಆ ಯೋಚನೆಯದೇ ಆಗಿತ್ತು.

"ಗುಳಿಗಿ ಎಷ್ಟ್ ಉಳ್ದಿತ್, ಅತ್ತೆ?"

ಕುಸುಮಾವತಿಯ ಮುಖ ಅರಳಿತು. ಸರಸರನೆ ಒಳಗೆ ಹೋಗಿ ಒಂದು ಬಿಸ್ಕತ್ತಿನ ಡಬ್ಬಿ ತಂದು ಮುಚ್ಚಳ ತೆಗೆದರು. ಗುಳಿಗೆಯ ಖಾಲಿ ಸ್ಟ್ರಿಪ್ಪುಗಳ ನಡುವೆ ನಾಲ್ಕು ಗುಳಿಗೆಗಳಿದ್ದವು. "ಇಷ್ಟೇ. ಆದ್ರೆ ಆಚಿ ಮನಿಲ್ ಒಂದ್ ಹೆಂಗ್ಸಿಗ್ ಸರ್ಕಾರಿದ್ ಬತ್ತ್, ಕೇಂಬ."

ಖಾಲಿ ಸ್ಟ್ರಿಪ್ಪುಗಳ ಮೇಲೆಲ್ಲ ಒಂದೇ ಮದ್ದಿನ ಹೆಸರಿತ್ತು. ಅದು ಅತ್ತೆಯದೇ ಮದ್ದು. ಮೂರು ವರ್ಷದ ಹಿಂದೆ ಅತ್ತೆಗೆ ಬಿಪಿ ಇದೆ ಎಂದು ಗೊತ್ತಾದಾಗಿನಿಂದ ತಿಂಗಳು ತಿಂಗಳು ಆಸ್ಪತ್ರೆಯಿಂದ ತರುವ ಗುಳಿಗೆ.

"ಇದ್ ಎಲ್ಲ ನಿಂದಾ? ನೀನ್ ಎಂತ ತಿಂದೆ?"

"ನಂಗೆಂತ ಆತ್ತ್?"

"ಎಂದಿಂದ ತಿನ್ಲಿಲ್ಲೆ?"

"ನೀ ಬಂದಾಗಿಂದ. ಈ ತಿಂಗ್ಳ್ ತರೂಕೂ ಹೋಯ್ಲಿಲ್ಲೆ." ಕುಸುಮಾವತಿ ಡಬ್ಬಿ ಮುಚ್ಚಲು ಹೋದರು. ಮುಚ್ಚಳ ಒಂದೆರಡು ಸಲ ಅಂಚಿನಿಂದ ಜಾರಿತು. "ಬಿಸ್ಲಿಗ್ ಕಣ್ಣ್ ಸಮಾ ಕಾಂತಿಲ್ಲೆ," ಎಂದರು.

ಮೋಕ್ಷಿತಾ ಅತ್ತೆಯ ಕೈ ಹಿಡಿದು ಕೂರಿಸಿ ಚೀಲ ಬಿಚ್ಚಿದಳು. ಸಂಬಂಧಿಕರನ್ನು ಪಟ್ಟಿಗೆ ಸೇರಿಸಬಾರದು ಎಂದು ಸರ್ ಮೊದಲೇ ಹೇಳಿದ್ದರು, ನಿಯಮವೂ ಹಾಗೇ ಇತ್ತು. ಆದ್ದರಿಂದ ಮೂರು ವಾರ ಈ ಮನೆಯಲ್ಲಿ ಉಂಡು ಮಲಗಿದವಳು, ಕೇರಿಯ ಅರವತ್ತು ತೋಳಿಗೆ ಪಟ್ಟಿ ಸುತ್ತಿದವಳು, ಈ ಒಂದು ತೋಳನ್ನು ಮುಟ್ಟಿರಲಿಲ್ಲ. ಪಟ್ಟಿ ಉಬ್ಬಿತು. ಎಷ್ಟು ಉಬ್ಬಿದರೂ ಮೆಷಿನ್ ಇನ್ನೂ ಬೇಕು ಎನ್ನುವಂತೆ ಗೊರಗುಟ್ಟಿತು.

ನೂರ ತೊಂಬತ್ತೆಂಟು, ನೂರ ಹದಿನಾಲ್ಕು.

"ಮಾವ, ಆಟೋ ಹೇಳಿ," ಎಂದಳು. ಚಂದಯ್ಯ ಅವಳ ಮುಖ ನೋಡಿ ಬಲೆ ಬಿಟ್ಟು ಎದ್ದರು.

"ನಾ ಬತ್ತಿಲ್ಲೆ," ಎಂದರು ಕುಸುಮಾವತಿ. "ಅಲ್ಲಿ ಹೋರೆ ಗುಳಿಗಿ ಎಲ್ಲಿ ಅಂದ್ ಕೇಂತ್ರ್. ಎಂತ ಹೇಳುದ್? ಬೈಂದೂರಿನ ಆಸ್ಪತ್ರೆಗ್ ನಿಮ್ ಕಾಲೇಜಿನವ್ರ್ ಬತ್ತಾ ಹೋತಾ ಇರ್ತ್ರ್ ಅಂದ್ ನೀನೇ ಹೇಳಿದ್ದೆ. ನಿನ್ ಕೆಲ್ಸ ಮುಗೀಲಿ, ಆಮೇಲ್ ಹೋಪ."

"ಈಗ್ಳೇ ಹೋಪುದ್."

"ಹದ್ನೈದ್ ದಿನ ಅಲ್ದಾ? ಎರ್ಡ್ ತಿಂಗ್ಳ್ ತಡ್ದವ್ಳಿಗೆ..."

"ಅತ್ತೆ. ಏಳ್."

ಅವಳು ಅತ್ತೆಗೆ ಎಂದೂ ಹಾಗೆ ಹೇಳಿರಲಿಲ್ಲ. ಕುಸುಮಾವತಿ ಎದ್ದರು.

ಆಸ್ಪತ್ರೆಯ ಡಾಕ್ಟರು ಮೋಕ್ಷಿತಾಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದಾದ ಹೆಂಗಸು. ತಾವೇ ಮತ್ತೊಮ್ಮೆ ನೋಡಿ, ಕೂಡಲೆ ಮಲಗಿಸಿ, ಎದೆಯ ಪರೀಕ್ಷೆಗೆ ನರ್ಸಿಗೆ ಹೇಳಿ, ಪುಸ್ತಕ ಬಿಡಿಸಿದರು. "ದಿನಾ ಗುಳಿಗೆ ತಗೊಳ್ತಿದ್ದೀರಾ ಅಮ್ಮ?"

"ತಿಂತೆ ಡಾಕ್ಟ್ರೆ. ಒಂದ್ ದಿನ ತಪ್ಸುದಿಲ್ಲೆ." ಕುಸುಮಾವತಿ ಇದನ್ನು ಹೇಳಿದ್ದು ಡಾಕ್ಟರಿಗೆ, ನೋಡಿದ್ದು ಮೋಕ್ಷಿತಾಳನ್ನು. ಸುಮ್ಮನಿರು ಎಂದು ಆ ಕಣ್ಣು ಹೇಳುತ್ತಿತ್ತು.

"ದಿನಾ ತಿಂದೂ ಇಷ್ಟಿದೆ ಅಂದ್ರೆ ಈ ಗುಳಿಗೆ ಸಾಕಾಗ್ತಿಲ್ಲ," ಎಂದರು ಡಾಕ್ಟರು. "ಡೋಸು ಎರಡರಷ್ಟು ಮಾಡಿ ಇನ್ನೊಂದು ಮದ್ದು ಸೇರಿಸ್ತೇನೆ." ಪೆನ್ನು ಹಾಳೆಗೆ ತಾಗಿತು.

ಓದಿದವಳಿಗೆ ಗೊತ್ತು. ಎರಡು ತಿಂಗಳಿನಿಂದ ಒಂದನ್ನೂ ತಿನ್ನದ ಮುದುಕಿ ನಾಳೆಯಿಂದ ಎರಡರಷ್ಟು ಡೋಸಿನ ಜೊತೆಗೆ ಮತ್ತೊಂದನ್ನು ನುಂಗಿದರೆ ಒತ್ತಡ ದಡಕ್ಕನೆ ಕುಸಿಯಬಹುದು. ಬಚ್ಚಲಲ್ಲೋ ಬಾವಿಕಟ್ಟೆಯಲ್ಲೋ ತಲೆ ತಿರುಗಿ ಬಿದ್ದರೆ ಮುಗಿಯಿತು. ನಾಲ್ಕು ಅಕ್ಷರ ಬರೆಯುವಷ್ಟು ಹೊತ್ತು ಮಾತ್ರ ಉಳಿದಿತ್ತು. ಆ ಹೊತ್ತಿನಲ್ಲಿಯೂ ಮೋಕ್ಷಿತಾಳ ತಲೆಯೊಳಗೆ ಇಪ್ಪತ್ತೆಂಟನೆಯ ತಾರೀಕು ಒಮ್ಮೆ ಹಾದುಹೋಯಿತು.

"ಇಲ್ಲ ಡಾಕ್ಟ್ರೆ. ಮಾರ್ಚಿನಿಂದ ಒಂದೂ ತಿಂದಿಲ್ಲ."

ಡಾಕ್ಟರು ಪೆನ್ನೆತ್ತಿದರು. "ಯಾಕೆ? ಗುಳಿಗೆ ಎಲ್ಲಿ ಹೋಯ್ತು?"

ಮೋಕ್ಷಿತಾ ಹೇಳಿದಳು. ತನ್ನ ಹೆಸರು, ಕಾಲೇಜು, ಅರವತ್ತು ಮನೆ, ಕಾಗದದ ಪೊಟ್ಟಣ, ಎಲ್ಲವನ್ನೂ. ಹೇಳುವಾಗ ಕುಸುಮಾವತಿ ಗೋಡೆಯತ್ತ ಮುಖ ತಿರುಗಿಸಿ ಮಲಗಿದ್ದರು. ಡಾಕ್ಟರು ನಡುವೆ ಒಮ್ಮೆ ಮಾತ್ರ ಬಾಯಿ ತೆರೆದರು. "ಈಗ ಆ ಹೆಂಗಸರು ಎಲ್ಲಿದ್ದಾರೆ?"

"ಮನೆಯಲ್ಲಿ. ನಾನು ಸರಿ ಇದೆ ಅಂದಿದ್ದೇನೆ."

ಡಾಕ್ಟರು ಬರೆದದ್ದನ್ನು ಹೊಡೆದುಹಾಕಿ ಹೊಸದಾಗಿ ಬರೆದರು. "ಮೊದಲಿನ ಗುಳಿಗೆಯೇ ಸಾಕು. ಸಂಜೆಯವರೆಗೆ ಇಲ್ಲೇ ಇರಲಿ. ಇಳಿಯದಿದ್ದರೆ ಕುಂದಾಪುರಕ್ಕೆ ಕಳಿಸೋಣ."

ಮೋಕ್ಷಿತಾ ಹೊರಗಿನ ವರಾಂಡಕ್ಕೆ ಬಂದು ಸರ್‌ಗೆ ಫೋನು ಮಾಡಿದಳು. ಅವರು ಪೂರ್ತಿ ಕೇಳಿಸಿಕೊಂಡರು. ಅವರ ಆಚೆ ಫ್ಯಾನಿನ ಸದ್ದು ಕೇಳುತ್ತಿತ್ತು.

"ಅರವತ್ತೂ ತೆಗೆಯಬೇಕು," ಎಂದರು.

"ಯಾರು ತಿಂದವರು, ಯಾರು ತಿನ್ನದವರು ಎಂದು ಕೇಳಿಕೊಂಡು ಬಂದರೆ, ಸರ್? ತಿನ್ನದವರದ್ದಾದರೂ..."

"ನೀವು ಕೇಳಿದರೆ ಅವರು ನಿಮಗೆ ಬೇಕಾದ ಉತ್ತರವನ್ನೇ ಕೊಡುತ್ತಾರೆ. ಇಷ್ಟು ಹೊತ್ತು ಅದನ್ನೇ ಅಲ್ಲವೇ ನೀವು ಹೇಳಿದ್ದು?" ಸರ್ ಮುಂದುವರಿಸಿದರು: "ನಲವತ್ತರಿಂದ ಪ್ರಬಂಧ ಆಗುವುದಿಲ್ಲ, ಮೋಕ್ಷಿತಾ. ಡಿಸೆಂಬರ್. ಏನಾಯಿತೋ ಹಾಗೆ ಬರೆದು ಕಳಿಸಿ, ಯಾರ ಹೆಸರನ್ನೂ ಹಾಕದೆ."

"ಸರಿ ಸರ್."

"ಬೆಳಿಗ್ಗೆ ನಾನು ಒಂದು ಮಾತು ಕೇಳಿದ್ದೆ. ಅದನ್ನು ಹಿಂತೆಗೆದುಕೊಂಡಿದ್ದೇನೆ." ಫೋನು ಇಟ್ಟರು.

ಡಿಸೆಂಬರ್ ಎಂಬುದು ಈಗ ಬೆದರಿಕೆಯಾಗಿರಲಿಲ್ಲ, ತಾರೀಕಾಗಿತ್ತು. ಜುಲೈಯ ಕೆಲಸ ಹೋಯಿತು. ಅಪ್ಪನಿಗೆ ಹೇಳಬೇಕು. ಅಪ್ಪ ತನ್ನ ಅಕ್ಕನ ಮೇಲೆ ಸಿಟ್ಟಾಗದಂತೆ ಹೇಳಬೇಕು, ಅದು ಹೇಗೆಂದು ಗೊತ್ತಿಲ್ಲ. ಅವಳು ವರಾಂಡದ ಬೆಂಚಿನ ಮೇಲೆ ಕೂತು ಫಾರಂಗಳನ್ನು ಒಂದೊಂದಾಗಿ ತಿರುವುತ್ತ, ಹೆಸರುಗಳ ಎದುರು ನೀಲಿ ಪೆನ್ನಿನಿಂದ ಗುರುತು ಹಾಕತೊಡಗಿದಳು. ತಲೆಭಾರ ಎಂದಿದ್ದವರು. ಏದುಸಿರು ಬಿಟ್ಟಿದ್ದವರು. ಬಾಗಿಲಲ್ಲಿ ನಿಂತು ‘ಉಪ್ಪು ಬಿಟ್ಟಿದ್ದೇನೆ’ ಎಂದು ತಾನಾಗಿಯೇ ಹೇಳಿದ್ದವಳು. ಅಂದು ಆ ಮಾತಿಗೆ ಮೆಚ್ಚಿ ತಲೆಯಾಡಿಸಿದ್ದಳು. ಇಪ್ಪತ್ತೆರಡಾಯಿತು. ಯಾರಾದರೂ ತಪ್ಪಿಹೋಗಿದ್ದರೆ ಎಂದು ಮತ್ತೆ ಮೊದಲಿನಿಂದ ತಿರುವಿದಳು.

ಒಳಗೆ ಹೋದಾಗ ಕುಸುಮಾವತಿ ಕಣ್ಣು ಬಿಟ್ಟರು. "ನಿನ್ ಸರ್ ಎಂತ ಹೇಳ್ರ್?"

"ಡಿಸೆಂಬರಿಗೆ."

"ನನ್ ಹೆಸ್ರ್ ಹೇಳಿದ್ಯಾ? ತಪ್ಪ್ ನಂದಂದ್ ಹೇಳ್. ನಾನೇ ಬಂದ್ ಹೇಳ್ತೆ ಬೇಕಾರೆ, ಬ್ರಹ್ಮಾವರ ಎಂತ ದೂರ?"

"ಯಾರ್ ಹೆಸ್ರೂ ಹಾಕುಕಿಲ್ಲೆ ಅತ್ತೆ."

"ಹಾಂಗಾರೆ ತಪ್ಪ್ ನಿನ್ ಮೇಲ್ ಬತ್ತಲೆ."

"ಬರ್ಲಿ," ಎಂದಳು ಮೋಕ್ಷಿತಾ. ಹಾಗೆ ಹೇಳಲು ಅವಳಿಗೆ ಧೈರ್ಯವೇನೂ ಇರಲಿಲ್ಲ, ಬೇರೆ ಮಾತು ಸಿಗಲಿಲ್ಲ ಅಷ್ಟೆ. ಅತ್ತೆಯ ಕಣ್ಣಂಚಿನಿಂದ ನೀರು ಕಿವಿಯತ್ತ ಇಳಿಯಿತು. ಒರೆಸಲು ಹೋದ ಕೈಯನ್ನು ಅವರು ತಳ್ಳಿಹಾಕಿದರು.

ಎರಡೂವರೆಗೆ ವನಜ ಬಂದಳು. ಖಾಲಿ ಬುಟ್ಟಿಯನ್ನು ಹೊರಗೇ ಬಿಟ್ಟು, ಮಂಚದ ಹತ್ತಿರ ಬಂದು ಕುಸುಮಾವತಿಯನ್ನು ಮೇಲಿಂದ ಕೆಳಗೆ ನೋಡಿ, "ಊರಿಗೆಲ್ಲ ಗುಳಿಗಿ ಹಂಚಿ ತಾನ್ ಮಲ್ಗ್ತ್ ಕಾಣ್," ಎಂದಳು. ಆಮೇಲೆ ಮೋಕ್ಷಿತಾಳತ್ತ ತಿರುಗಿದಳು. "ಚಂದಯ್ಯಣ್ಣ ಹೇಳ್ರ್. ನಂದ್ ಇಲ್ ಕಾಂತ್ರಾ?"

"ಕಾಂತ್ರ್. ಬೇರೆ ಯಾರಾರೂ ಬತ್ರಾ?"

"ಮೂರ್ ಮನಿಗ್ ಹೇಳ್ದೆ. ಒಬ್ಳ್ ನಾಳೆ ಅಂದ್ಳ್. ಇನ್ನೊಬ್ಳ್ ನಗಾಡ್ದ್ಳ್. ಮತ್ತೊಬ್ಳ್, ‘ಹುಡ್ಗಿ ಪರೀಕ್ಷೆ ಮುಗೀತಲೆ, ಇನ್ ಎಂತಕೆ? ಸರಿ ಇತ್ತಂದ್ ಅವ್ಳೇ ಹೇಳಿದ್ಳ್’ ಅಂದ್ಳ್."

ನರ್ಸು ಬಂದು ಕುಸುಮಾವತಿಯ ಒತ್ತಡ ನೋಡಿ ಪುಸ್ತಕದಲ್ಲಿ ಬರೆದಳು. ನೂರ ಎಂಬತ್ತೆರಡು. ಇಳಿಯುತ್ತಿದೆ, ಆದರೆ ನಿಧಾನ. ಸಂಜೆಗೆ ಎಷ್ಟಾಗುತ್ತದೋ.

ಮೋಕ್ಷಿತಾ ಗುರುತು ಮಾಡಿದ ಹೆಸರುಗಳ ಹಾಳೆಯನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡಳು. ಮೂರು ಗಂಟೆಗೆ ಹೆಂಗಸರು ಮನೆ ಸೇರಿರುತ್ತಾರೆ, ನಾಲ್ಕೂವರೆಗೆ ಮತ್ತೆ ಎತ್ತಲೋ ಹೋಗುತ್ತಾರೆ. ನಡುವೆ ಒಂದೂವರೆ ಗಂಟೆ, ವನಜಳನ್ನು ಬಿಟ್ಟು ಇಪ್ಪತ್ತೊಂದು ಮನೆ. ನಾನು ಹೇಳಿದ್ದು ತಪ್ಪು ಎಂದು ಇಪ್ಪತ್ತೊಂದು ಬಾಗಿಲಲ್ಲಿ ನಿಂತು ಹೇಳಬೇಕು. ಹೇಳಿದರೆ ನಂಬುತ್ತಾರೋ, ಇದೂ ಓದಿನದೇ ಒಂದು ಆಟ ಎನ್ನುತ್ತಾರೋ.

"ವನಜಕ್ಕ, ಅತ್ತೆ ಹತ್ರ ಕೂಕಣಿ," ಎಂದು ಅವಳು ಎದ್ದಳು.

"ಮನಿಗ್ ಹೋಪುದಾರೆ ನಾ ಒಂದ್ ಫೋನ್ ಮಾಡಿ..." ಎಂದು ಕುಸುಮಾವತಿ ದಿಂಬಿನಿಂದ ತಲೆಯೆತ್ತಿದರು.

"ಬ್ಯಾಡ ಅತ್ತೆ. ನೀ ಮಲ್ಗ್," ಎಂದು ಮೋಕ್ಷಿತಾ ಅವರ ತಲೆಯನ್ನು ಮೆಲ್ಲನೆ ಒರಗಿಸಿ, ಚೀಲ ಎತ್ತಿಕೊಂಡು ಬಿಸಿಲಿಗೆ ಇಳಿದಳು.